ಕಪ್ಪೆ ಲೂರ್‌ನಲ್ಲಿ ಮರಲ್ ಹಿಡಿಯೋದು: ರಾಡ್, ದಾರ, ಕಪ್ಪೆ ಆರಿಸೋದ್ರಿಂದ ಹಿಡಿದು ಮೀನು ದಡಕ್ಕೆ ತರೋವರೆಗೆ

ಹಾಸನ, ಚಿಕ್ಕಮಗಳೂರು ಕಡೆ ಕೆರೆ ಏರಿ ಮೇಲೆ ಬಿದಿರು ಕೋಲು ಹಿಡಿದು ಕೂತಿರೋ ಹಿರಿಯರ ಪಕ್ಕದಲ್ಲೇ ಈಗ ರೀಲ್ ಹಾಕಿದ ರಾಡ್ ಹಿಡಿದ ಹುಡುಗ್ರೂ ಕಾಣ್ತಾರೆ. ಅವ್ರಲ್ಲಿ ತುಂಬಾ ಜನ ಯೂಟ್ಯೂಬಲ್ಲಿ ಅಮೆರಿಕದವ್ರು ಬಾಸ್ ಅನ್ನೋ ಮೀನು ಹಿಡಿಯೋ ವಿಡಿಯೋ ನೋಡಿ, ಅದರಲ್ಲಿ ತೋರಿಸಿದ ಅದೇ ಸೈಜಿನ ರಬ್ಬರ್ ಕಪ್ಪೆ ಲೂರ್ (ಹುಕ್ ಇರೋ ನಕಲಿ ಬೇಟೆ), ಅದೇ ರಾಡ್ ತರಿಸ್ಕೊಂಡಿರ್ತಾರೆ, ಆಮೇಲೆ ಕೆರೆಗೆ ಬಂದು ಎಸೆದಾಗ ಮೀನು ಧಡ್ ಅಂತ ಹೊಡೆಯುತ್ತೆ, ಆದ್ರೆ ಹುಕ್ ಹತ್ತಲ್ಲ, ಕಪ್ಪೆ ಮಾತ್ರ ವಾಪಸ್ ಹಾರಿ ಬರುತ್ತೆ. ಹತ್ತು ಸಲ ಹೀಗಾದ್ರೆ ಯಾರಿಗಾದ್ರೂ ಬೇಜಾರಾಗುತ್ತೆ. ಮೀನಲ್ಲೂ ತಪ್ಪಿಲ್ಲ, ಲೂರಲ್ಲೂ ತಪ್ಪಿಲ್ಲ, ಆ ಸಾಮಾನು ಬೇರೆ ಮೀನಿಗೆ ಅಳತೆ ಮಾಡಿದ್ದು ಅಷ್ಟೆ. ನಮ್ಮ ಕೆರೆಯ ಮರಲ್‌ಗೆ ಅದನ್ನ ಹೇಗೆ ಹೊಂದಿಸ್ಕೊಬೇಕು ಅನ್ನೋದನ್ನ ಇಲ್ಲಿ ಒಂದೊಂದಾಗಿ ಬರೀತಾ ಹೋಗ್ತೀನಿ.

ಬಾಸ್‌ಗೂ ಮರಲ್‌ಗೂ ಏನು ವ್ಯತ್ಯಾಸ

ಲಾರ್ಜ್‌ಮೌತ್ ಬಾಸ್ ಉತ್ತರ ಅಮೆರಿಕದ ಮೀನು. ಅದು ಬಾಯಿ ಅಗಲ ತೆರೆದು ನೀರಿನ ಜೊತೆಗೇ ಕಪ್ಪೆನ ಒಳಗೆ ಎಳ್ಕೊಳುತ್ತೆ, ಹಂಗಾಗಿ 65 ಮಿಲಿಮೀಟರ್ ಉದ್ದ, ಹದಿನೆಂಟು ಗ್ರಾಂ ಹತ್ತಿರ ತೂಗೋ ಕಪ್ಪೆನೂ ಅದರ ಬಾಯಿಗೆ ಸಲೀಸು. ಅಲ್ಲಿ ತುಂಬಾ ಹೆಸರು ಮಾಡಿರೋ ಸ್ಪ್ರೋ ಬ್ರಾನ್ಜ್‌ಐ 65 ಇದೇ ಅಳತೆದು. ಅದಕ್ಕೆ ಅವ್ರು 50ರಿಂದ 65 ಪೌಂಡ್ ತಡೆಯೋ ಬ್ರೇಡ್ (ಎಳೆ ಹೆಣೆದು ಮಾಡಿದ ದಾರ), ಏಳು ಅಡಿ ಮೇಲಿನ ಹೆವಿ ರಾಡ್ ಬಳಸ್ತಾರೆ, ದಟ್ಟವಾದ ಕಳೆಯೊಳಗಿಂದ ದಪ್ಪ ಮೀನನ್ನ ಎತ್ತಿ ಎಳಿಯೋಕೆ ಅದು ಬೇಕೂ ಬೇಕು.

ಮರಲ್ ಹಂಗಲ್ಲ. ಅದು ಹಾವಿನ ತರ ಉದ್ದ ದೇಹದ ಮೀನು, ಒಂದೇ ಏಟಿಗೆ ಮುನ್ನುಗ್ಗಿ ಕಚ್ಚುತ್ತೆ, ಬಾಯೊಳಗೆ ಚೂಪು ಹಲ್ಲು, ದವಡೆ ಗಟ್ಟಿ ಎಲುಬು. ಕಚ್ಚಿ ಹಿಡ್ಕೊಂಡು ಕೆಳಗೆ ಹೋಗಿ ಆಮೇಲೆ ನುಂಗೋದು ಅದರ ಅಭ್ಯಾಸ. ಅಂದ್ರೆ ಕಪ್ಪೆ ಚಿಕ್ಕದಿರ್ಬೇಕು, ಮೆತ್ತಗಿರ್ಬೇಕು, ಹುಕ್ ಚೂಪಾಗಿರ್ಬೇಕು, ಮತ್ತೆ ನೀವು ಎಳೆಯೋಕೆ ಮುಂಚೆ ಒಂದು ಉಸಿರಿನಷ್ಟು ಹೊತ್ತು ಕಾಯ್ಬೇಕು. ಮುಂದೆ ಬರೆಯೋದೆಲ್ಲ ಈ ನಾಲ್ಕರ ಸುತ್ತಾನೇ.

ನಮ್ಮ ಕಡೆ ಸಿಗೋದು ಮುಖ್ಯವಾಗಿ ಮೂರು ಜಾತಿ. ಕೆರೆ, ಕಟ್ಟೆ, ಗದ್ದೆ ಬಯಲಲ್ಲಿ ಜಾಸ್ತಿ ಇರೋದು ಕುಚ್ಚು ಮರಲ್, ಅರ್ಧ ಕೆಜಿಯಿಂದ ಎರಡು ಕೆಜಿ ಒಳಗಿನವು ಸಾಮಾನ್ಯ. ಸಣ್ಣ ಹಳ್ಳ, ಕಾಲುವೆಯಲ್ಲಿ ಕೊರವ, ಅದು ಚಿಕ್ಕ ಮೀನು, ದೊಡ್ಡ ಕಪ್ಪೆ ಅದಕ್ಕೆ ಬಾಯಿಗೇ ಹೋಗಲ್ಲ. ಹೊಳೆ ಮಡು, ಡ್ಯಾಮ್ ಹಿನ್ನೀರಲ್ಲಿ ಹೂವಿನ ಮರಲ್, ಬಾಲದ ಹತ್ತಿರ ಕಣ್ಣಿನಂಥ ಮಚ್ಚೆ ಇರುತ್ತಲ್ಲ ಅದು, ಒಂದು ಮೀಟರ್ ಮೀರಿ ಬೆಳೆಯೋ ಮೀನು. ಯಾವುದಕ್ಕೆ ಹೋಗ್ತಿದೀರಿ ಅಂತ ಮೊದ್ಲು ತೀರ್ಮಾನ ಮಾಡ್ಕೊಳಿ, ಸಾಮಾನು ಆಮೇಲೆ.

ಇನ್ನೊಂದು ವಿಷ್ಯ ಇದೆ, ನನ್ ಪ್ರಕಾರ ಇಡೀ ಆಟದಲ್ಲಿ ಇದಕ್ಕಿಂತ ದೊಡ್ಡದಿಲ್ಲ. ಮರಲ್ ಗಾಳಿ ಕುಡಿಯೋ ಮೀನು. ಕಿವಿರಿನ ಮೇಲ್ಭಾಗದಲ್ಲಿ ಗಾಳಿ ಹೀರೋಕೆ ಅಂತಾನೇ ಒಂದು ಅಂಗ ಇದೆ ಅದಕ್ಕೆ, ಬೆಳೆದ ಮರಲ್‌ನ ಮೇಲೆ ಬರೋಕೆ ಬಿಡದೆ ನೀರೊಳಗೇ ತಡೆದಿಟ್ರೆ ಸತ್ತೇ ಹೋಗುತ್ತೆ. ಅದಕ್ಕೇ ಕೆಸರಲ್ಲೂ ಬದುಕುತ್ತೆ, ಮಳೇಲಿ ಗದ್ದೆಯಿಂದ ಗದ್ದೆಗೆ ತೆವಳ್ಕೊಂಡೂ ಹೋಗುತ್ತೆ. ನಮಗೆ ಇದರಿಂದ ಆಗೋ ಉಪಕಾರ ಏನಂದ್ರೆ, ಮೀನು ಎಲ್ಲಿದೆ ಅಂತ ಅದೇ ಹೇಳಿಬಿಡುತ್ತೆ. ಬಾಸ್ ಹಿಡಿಯೋನಿಗೆ ಈ ಭಾಗ್ಯ ಇಲ್ಲ.

ಮೊದಲನೇದು: ಜಾಗ, ಹೊತ್ತು, ಅನುಮತಿ

ಸಾಮಾನು ಕೊಳ್ಳೋಕೆ ಮುಂಚೆ ಒಂದೆರಡು ಸಂಜೆ ಬರಿಗೈಲಿ ಕೆರೆ ಹತ್ರ ಹೋಗಿ ಕೂತ್ಕೊಳಿ. ಜೊಂಡಿನ ಅಂಚು, ತಾವರೆ ಎಲೆ ಮಧ್ಯದ ಖಾಲಿ ಜಾಗ, ಅಂತರಗಂಗೆ ಹಾಸಿನ ಒಡಕು, ತೂಬಿನ ಕಲ್ಲಿನ ಪಕ್ಕ, ಕೋಡಿ ಬಿದ್ದು ಕೆಳಗೆ ನಿಂತ ನೀರು, ಹಳ್ಳ ಬಂದು ಕೆರೆಗೆ ಸೇರೋ ಕೆಸರು ಬಾಯಿ, ಇವನ್ನ ನೋಡಿ. ಮಧ್ಯ ಕೆರೆಯ ತೆರೆದ ನೀರಲ್ಲಿ ಕಟ್ಲಾ, ರೋಹು ಇರುತ್ವೆ, ನಮಗೆ ಬೇಕಾದ್ದು ಅಂಚಲ್ಲಿದೆ. ಸುಮಾರು ಜನ ಆದಷ್ಟು ದೂರ ಎಸೀಬೇಕು ಅಂತ ನೋಡ್ತಾರೆ, ಮೀನು ಅವ್ರ ಕಾಲ ಹತ್ರಾನೇ ಇರುತ್ತೆ.

ಸಖರಾಯಪಟ್ಟಣದ ಅಯ್ಯನಕೆರೆ, ಕಡೂರು ಕಡೆಯ ಮದಗದ ಕೆರೆ, ಚಿಕ್ಕಮಗಳೂರು ಪಕ್ಕದ ಹಿರೇಕೊಳಲೆ, ಹಳೇಬೀಡಿನ ದ್ವಾರಸಮುದ್ರ, ಬೇಲೂರಿನ ವಿಷ್ಣುಸಮುದ್ರ, ಇವೆಲ್ಲ ಏರಿ, ತೂಬು, ಕೋಡಿ ಇರೋ ಹಳೇ ಕಾಲದ ಕೆರೆಗಳು, ಇಂಥ ಕೆರೆಗಳ ಹಿಂಭಾಗ, ಅಂದ್ರೆ ನೀರು ಒಳಗೆ ಬರೋ ಕಡೆ, ತೆಳು ನೀರು ಕಳೆ ಎರಡೂ ಇರುತ್ತೆ. ಏರಿ ಮೇಲೆ ನಿಂತು ಎಸೆಯೋದು ಸುಲಭ, ಆದ್ರೆ ಏರಿ ಪಕ್ಕ ನೀರು ಆಳ, ಹಾಗಾಗಿ ಸುತ್ತು ಹಾಕಿ ಹಿಂದಕ್ಕೆ ನಡ್ಕೊಂಡು ಹೋಗೋ ಮನಸ್ಸು ಮಾಡಿ. ಗೊರೂರಿನ ಹೇಮಾವತಿ, ಬೇಲೂರಿನ ಯಗಚಿ, ಆಲೂರಿನ ವಾಟೆಹೊಳೆ ಹಿನ್ನೀರಲ್ಲಿ ಮುಂಗಾರು ಹಿಡಿದು ನೀರು ಏರ್ತಾ ಇದ್ದಾಗ ಹುಲ್ಲು, ಪೊದೆ ಎಲ್ಲ ಮುಳುಗುತ್ತಲ್ಲ, ಆ ಹೊಸ ನೀರಿನ ಅಂಚಿಗೆ ಕಪ್ಪೆ, ಹುಳ ತಿನ್ನೋಕೆ ಮರಲ್ ಬರುತ್ತೆ.

ಆದ್ರೆ ಯಾವ ಕೆರೆಗೇ ಆಗ್ಲಿ ಕೇಳದೆ ಇಳೀಬೇಡಿ. ತುಂಬಾ ಕೆರೆಗಳಲ್ಲಿ ಮೀನು ಸಾಕೋ ಹಕ್ಕು ಮೀನುಗಾರರ ಸಂಘಕ್ಕೋ, ಹರಾಜಲ್ಲಿ ಹಿಡಿದವ್ರಿಗೋ ಇರುತ್ತೆ, ಅವ್ರು ದುಡ್ಡು ಹಾಕಿ ಮರಿ ಬಿಟ್ಟಿರ್ತಾರೆ. ಪಂಚಾಯ್ತಿಲೋ ಮೀನುಗಾರಿಕೆ ಇಲಾಖೆ ಆಫೀಸಲ್ಲೋ ವಿಚಾರಿಸಿದ್ರೆ ಯಾರನ್ನ ಕೇಳ್ಬೇಕು ಅಂತ ಹೇಳ್ತಾರೆ. ಮರಲ್ ಬೇರೆ ಮೀನಿನ ಮರಿ ತಿನ್ನೋದ್ರಿಂದ, ‘ಅಣ್ಣ, ಬರೀ ಮರಲ್‌ಗೆ ಕಪ್ಪೆ ಎಸೀತೀವಿ, ಬೇರೆ ಮೀನು ಮುಟ್ಟಲ್ಲ’ ಅಂತ ಮರ್ಯಾದೆಯಿಂದ ಕೇಳಿದ್ರೆ ಎಷ್ಟೋ ಕಡೆ ಒಪ್ಕೊತಾರೆ. ಕಾಫಿ ತೋಟದ ಕೆರೆ ಆದ್ರೆ ತೋಟದವ್ರನ್ನ ಕೇಳ್ಲೇಬೇಕು. ಭದ್ರಾ ಹುಲಿ ಸಂರಕ್ಷಿತ ಪ್ರದೇಶದ ಒಳಗೆ ಗಾಳದ ಮಾತೇ ಬೇಡ, ಶೃಂಗೇರಿಯಲ್ಲಿ ತುಂಗೆಯ ದೇವರ ಮೀನುಗಳಿರೋ ಜಾಗದಲ್ಲೂ ಅಷ್ಟೆ. ಆಲೂರು, ಸಕಲೇಶಪುರ, ಬೇಲೂರು ಕಡೆ ತೋಟದ ಕೆರೆಗೆ ಬೆಳಗಿನ ಜಾವ ಹೋಗೋರು ಆ ದಿನ ಆನೆ ಎಲ್ಲಿದೆ ಅಂತ ಊರವ್ರನ್ನ ಕೇಳಿಯೇ ಹೊರಡಿ, ಕೆರೆ ಅಂದ್ರೆ ಆನೆಗೂ ಬೇಕಾದ ಜಾಗ.

ಹೊತ್ತು ಅಂದ್ರೆ, ಬೇಸಿಗೆಲಿ ಬೆಳಿಗ್ಗೆ ಬೆಳಕಾದಾಗಿಂದ ಒಂಬತ್ತರವರೆಗೆ, ಸಂಜೆ ನಾಲ್ಕೂವರೆ ಮೇಲೆ. ಮಾರ್ಚ್‌ನಿಂದ ಮೇವರೆಗೆ ನೀರು ಇಳಿದು ಮೀನು ಉಳಿದ ಗುಂಡಿಗಳಿಗೆ ಸೇರ್ಕೊಂಡಿರುತ್ತೆ, ನೀರು ಬಿಸಿ ಇದ್ದಷ್ಟೂ ಗಾಳಿಗೆ ಅಂತ ಜಾಸ್ತಿ ಸಲ ಮೇಲೆ ಬರುತ್ತೆ, ಕಲಿಯೋರಿಗೆ ಇದೇ ಒಳ್ಳೆ ಕಾಲ. ಡಿಸೆಂಬರ್, ಜನವರಿ ಚಳೀಲಿ ಬೆಳಿಗ್ಗೆ ಬೇಗ ಹೋಗಿ ಪ್ರಯೋಜನ ಇಲ್ಲ, ಹತ್ತು ಗಂಟೆ ಮೇಲೆ ಬಿಸಿಲು ತೆಳು ನೀರನ್ನ ಕಾಯಿಸಿದ ಮೇಲೆ ಹೋಗಿ.

ಎರಡನೇದು: ಕಪ್ಪೆ ಆರಿಸೋದು

ಇಲ್ಲಿ ಸ್ವಲ್ಪ ನಿಧಾನ ಮಾಡೋಣ, ದುಡ್ಡು ಹಾಳಾಗೋದೂ ಇಲ್ಲೇ, ಮೀನು ತಪ್ಪೋದೂ ಇಲ್ಲೇ.

ಟೊಳ್ಳು ಕಪ್ಪೆ ಅಂತೀವಲ್ಲ, ಒಳಗೆ ಗಾಳಿ ತುಂಬಿದ ಮೆತ್ತನೆ ಪ್ಲಾಸ್ಟಿಕ್, ಹಿಂದಿನಿಂದ ಎರಡು ಮುಳ್ಳಿನ ಹುಕ್ ಬಂದು ಅದರ ಮೊನೆ ಎರಡೂ ಬೆನ್ನಿಗೆ ಅಂಟ್ಕೊಂಡು ಕೂತಿರುತ್ತೆ. ಮೊನೆ ಮೇಲ್ಮುಖವಾಗಿ ಮೈಗೆ ಒರಗಿರೋದ್ರಿಂದ ಜೊಂಡಿನ ಮೇಲೆ ಎಳೆದ್ರೂ ಸಿಕ್ಕಿಹಾಕಿಕೊಳ್ಳಲ್ಲ. ಮೀನು ಕಚ್ಚಿದಾಗ ಮೈ ಕುಸಿದು ಮೊನೆ ಹೊರಗೆ ಬರ್ಬೇಕು, ಎಲ್ಲ ನಿಂತಿರೋದು ಇದರ ಮೇಲೇ. ಹಾಗಾಗಿ ಅಂಗಡೀಲಿ ಕಪ್ಪೆ ಕೈಗೆ ತಗೊಂಡು ಹೆಬ್ಬೆರಳು ತೋರುಬೆರಳಲ್ಲಿ ಬೆನ್ನು ಹೊಟ್ಟೆ ಸೇರಿಸಿ ಒತ್ತಿ ನೋಡಿ. ಸಲೀಸಾಗಿ ಕುಸಿದು ಎರಡೂ ಮೊನೆ ಪೂರ್ತಿ ಕಾಣಿಸ್ತು, ಬಿಟ್ಟ ತಕ್ಷಣ ಮೊದಲಿನ ಆಕಾರಕ್ಕೆ ಬಂತು ಅಂದ್ರೆ ತಗೊಳಿ. ಜೋರಾಗಿ ಒತ್ಬೇಕಾದ್ರೆ ಅದೆಷ್ಟು ಚೆಂದದ ಬಣ್ಣ ಇದ್ರೂ ಬಿಟ್ಬಿಡಿ. ಆನ್‌ಲೈನಲ್ಲಿ ತರಿಸೋರು ಮೊದ್ಲು ಒಂದೇ ಒಂದು ತರಿಸಿ ಒತ್ತಿ ನೋಡಿ, ಆಮೇಲೆ ಬಾಕಿದು.

ಸೈಜು: ಕುಚ್ಚು ಮರಲ್‌ಗೆ ಮೈ 40ರಿಂದ 50 ಮಿಲಿಮೀಟರ್, ತೂಕ ಏಳೆಂಟು ಗ್ರಾಂನಿಂದ ಹನ್ನೆರಡರವರೆಗೆ. ಹೂವಿನ ಮರಲ್‌ಗೆ 55 ಅಥವಾ 60, ಹದಿನೈದು ಗ್ರಾಂ ಆದ್ರೂ ನಡೆಯುತ್ತೆ. ದಟ್ಟ ಕಳೆ ಮೇಲೆ ಹಗುರ ಕಪ್ಪೆ ಓಡಿದ್ರೆ ಕೆಳಗಿರೋ ಮೀನಿಗೆ ಅದರ ಸದ್ದೇ ತಿಳಿಯಲ್ಲ, ಅಲ್ಲಿ ಸ್ವಲ್ಪ ಭಾರದ್ದು ಬೇಕು.

ಮೂತಿ ಎರಡು ತರ. ಚೂಪು ಮೂತಿದು ಎಲೆ, ಹುಲ್ಲಿನ ಮೇಲೆ ಜಾರ್ಕೊಂಡು ಬರುತ್ತೆ, ಖಾಲಿ ನೀರಲ್ಲಿ ಎಡಕ್ಕೆ ಬಲಕ್ಕೆ ತಿರುಗ್ತಾ ನಡೆಯುತ್ತೆ. ಬಾಯಿ ಒಳಕ್ಕೆ ಗುಳಿ ಬಿದ್ದಿರೋ ಪಾಪರ್ ಕಪ್ಪೆ ಎಳೆದಾಗ ಪೊಳಕ್ ಅಂತ ನೀರು ಚಿಮ್ಮಿಸುತ್ತೆ, ಗಾಳಿಗೆ ಅಲೆ ಎದ್ದಿರುವಾಗ, ನೀರು ಕೆಂಪಾಗಿರುವಾಗ ಒಳ್ಳೇದು, ಆದ್ರೆ ದಟ್ಟ ಕಳೇಲಿ ಆ ಗುಳಿಯೊಳಗೆ ಪಾಚಿ ತುಂಬ್ಕೊಳುತ್ತೆ. ಮೊದಲ ಕಪ್ಪೆ ಒಂದೇ ತಗೊಳೋದಾದ್ರೆ ಚೂಪು ಮೂತಿದು ತಗೊಳಿ. ಜಂಪ್ ಫ್ರಾಗ್ ಅಂತ ಸಣ್ಣದು ಬರುತ್ತೆ, ಹಿಂದೆ ತಗಡಿನ ಚಿಕ್ಕ ಸ್ಪಿನ್ನರ್ ಬ್ಲೇಡ್, ಕೆಳಗೆ ಹುಕ್ ಇರೋದು, ತೆರೆದ ನೀರಲ್ಲಿ ಮತ್ತೆ ಕೊರವಗೆ ಅದರಷ್ಟು ಹುಕ್ ಹತ್ತೋದು ಬೇರೆ ಇಲ್ಲ, ಆದ್ರೆ ಕಳೆಗೆ ಎಸೆದ್ರೆ ಮೊದಲ ಏಟಿಗೇ ಸಿಕ್ಕಿಹಾಕಿಕೊಳುತ್ತೆ.

ಬಣ್ಣದ ಬಗ್ಗೆ ಗಂಟೆಗಟ್ಲೆ ಮಾತಾಡೋರಿದಾರೆ. ಮೀನು ನೋಡೋದು ಕೆಳಗಿನಿಂದ, ಅದಕ್ಕೆ ಕಾಣೋದು ಹೊಟ್ಟೆ, ಬೆನ್ನಿನ ಚುಕ್ಕೆ ಪಟ್ಟೆ ಎಲ್ಲ ನಮ್ಮ ಕಣ್ಣಿಗೆ. ತಿಳಿ ನೀರು, ಬಿಸಿಲು ಇದ್ರೆ ಬಿಳಿ ಇಲ್ಲ ಹಳದಿ ಹೊಟ್ಟೆ, ಮೋಡ, ನಸುಕು, ಮಣ್ಣು ನೀರಲ್ಲಿ ಕಪ್ಪು, ಯಾಕಂದ್ರೆ ಬೆಳ್ಳಗಿರೋ ಆಕಾಶದ ಎದುರಿಗೆ ಕಪ್ಪು ಎದ್ದು ಕಾಣುತ್ತೆ. ಈ ಎರಡು ಇದ್ರೆ ಸಾಕು.

ತಂದ ಕಪ್ಪೆನ ಹಂಗೇ ಎಸೀಬೇಡಿ, ಮೂರು ಕೆಲ್ಸ ಇದೆ. ಒಂದು, ಕಾಲಿನ ತರ ಹಿಂದೆ ನೇತಾಡೋ ಕುಚ್ಚು ಉದ್ದ ಇದ್ರೆ ನಾಲ್ಕೈದು ಸೆಂಟಿಮೀಟರ್ ಉಳಿಸಿ ಕತ್ತರಿಸಿ, ಇಲ್ಲಾಂದ್ರೆ ಮರಲ್ ಬರೀ ಕಾಲು ಕಚ್ಚಿ ಬಿಡುತ್ತೆ. ಎರಡು, ಪ್ಲೈಯರಲ್ಲಿ ಎರಡೂ ಮೊನೆನ ಒಂದೆರಡು ಮಿಲಿಮೀಟರ್ ಮಾತ್ರ ಹೊರಕ್ಕೆ ಅಗಲಿಸಿ, ಜಾಸ್ತಿ ಬಗ್ಗಿಸಿದ್ರೆ ಕಳೆ ಹಿಡಿಯುತ್ತೆ. ಮೂರು, ಹುಕ್ ಹೊರಬರೋ ತೂತಿಂದ ನೀರು ತುಂಬಿ ಕಪ್ಪೆ ಹಿಂಭಾಗ ಮುಳುಗೋ ತರ ಆಗುತ್ತೆ, ಮೂತಿ ಕಡೆ ತೂತಿಗೆ ಒಂದು ಹನಿ ಫೆವಿಕ್ವಿಕ್ ಬಿಟ್ರೆ ನೀರು ಹೋಗೋದು ಕಮ್ಮಿ ಆಗುತ್ತೆ, ಹಿಂದಿನ ತೂತು ಮುಚ್ಬೇಡಿ, ಗಾಳಿ ಹೊರಗೆ ಹೋದ್ರೇನೇ ಮೈ ಕುಸಿಯೋದು, ಹತ್ತಿಪ್ಪತ್ತು ಎಸೆತಕ್ಕೆ ಒಂದು ಸಲ ಹಿಂಡಿ ನೀರು ತೆಗೀರಿ ಸಾಕು. ಮುಳ್ಳಯ್ಯನಗಿರಿ ಕಡೆಯ ಚಳಿ ಬೆಳಗ್ಗೆಗಳಲ್ಲಿ ಪ್ಲಾಸ್ಟಿಕ್ ಬಿಗಿಯಾಗುತ್ತೆ, ಎಸೆಯೋಕೆ ಮುಂಚೆ ಸ್ವಲ್ಪ ಹೊತ್ತು ಜೇಬಲ್ಲಿ ಇಟ್ಕೊಂಡಿದ್ರೆ ಮೆತ್ತಗಾಗುತ್ತೆ.

ಜೀವಂತ ಕಪ್ಪೆ ಗಾಳಕ್ಕೆ ಚುಚ್ಚೋದು ನಮ್ಮಲ್ಲಿ ಹಳೇ ಪದ್ಧತಿ, ಅದು ಕೆಲ್ಸ ಮಾಡುತ್ತೆ ಅನ್ನೋದ್ರಲ್ಲಿ ಅನುಮಾನ ಇಲ್ಲ. ಆದ್ರೂ ಬೇಡ ಅಂತೀನಿ. ಗದ್ದೆಯ ಹುಳ ತಿನ್ನೋದು ಆ ಕಪ್ಪೆನೇ, ನಮ್ಮ ದೇಶ ಕಪ್ಪೆ ಕಾಲಿನ ರಫ್ತನ್ನ 1987ರಲ್ಲೇ ನಿಲ್ಲಿಸಿದ್ದು ಸುಮ್ನೆ ಅಲ್ಲ. ನೂರಾರು ಸಲ ಎಸೆಯೋಕೆ ಬರೋ ರಬ್ಬರ್ ಕಪ್ಪೆ ಇರುವಾಗ ಜೀವ ಇರೋದನ್ನ ಯಾಕೆ ಚುಚ್ಬೇಕು.

ಮೂರನೇದು: ದಾರ ಮತ್ತೆ ಗಂಟು

ಬ್ರೇಡ್ ಬಿಟ್ಟು ಬೇರೆ ಹಾಕ್ಬೇಡಿ. ತಂಗೂಸು (ನೈಲಾನ್ ದಾರ) ಹಿಗ್ಗುತ್ತೆ, ಇಪ್ಪತ್ತು ಮೀಟರ್ ಆಚೆ ನೀವು ಎಳೆದ ಜೋರು ಎಲ್ಲ ಹಿಗ್ಗೋದ್ರಲ್ಲೇ ಹೋಗಿ ಹುಕ್ ಎಲುಬಿಗೆ ಇಳಿಯಲ್ಲ. ಬ್ರೇಡ್ ಹಿಗ್ಗಲ್ಲ, ತೇಲುತ್ತೆ, ಹುಲ್ಲನ್ನ ಕುಯ್ಕೊಂಡು ಬರುತ್ತೆ. ಕುಚ್ಚು ಮರಲ್‌ಗೆ 30ರಿಂದ 40 ಪೌಂಡ್, ಅಂದ್ರೆ ಪಿಇ ಅಂತ ಬರೆಯೋ ದಾರದ ದಪ್ಪದ ನಂಬರಲ್ಲಿ 2ರಿಂದ 3 ಹತ್ತಿರ, ದಟ್ಟ ಅಂತರಗಂಗೆ ಇಲ್ಲ ಹೂವಿನ ಮರಲ್‌ಗೆ 50 ಪೌಂಡ್. ಪಿಇ ನಂಬರೂ ಪೌಂಡೂ ಬ್ರಾಂಡಿಂದ ಬ್ರಾಂಡಿಗೆ ಬೇರೆ ಇರುತ್ತೆ, ಡಬ್ಬಿ ಮೇಲೆ ಎರಡನ್ನೂ ಓದಿ. ಅಮೆರಿಕದವ್ರ 65 ಪೌಂಡ್ ದಾರ ಹಾಕಿ ಎಂಟು ಗ್ರಾಂ ಕಪ್ಪೆ ಎಸೆದ್ರೆ ಅದು ದೂರ ಹೋಗಲ್ಲ, ದಾರ ಅಷ್ಟು ದಪ್ಪ.

ಲೀಡರ್, ಅಂದ್ರೆ ಬ್ರೇಡಿಗೂ ಕಪ್ಪೆಗೂ ಮಧ್ಯೆ ಕಟ್ಟೋ ಬೇರೆ ದಾರದ ತುಂಡು, ಬೇಕಾ ಅಂತ ಕೇಳ್ತಾರೆ. ಕಳೇಲಿ ಬೇಡ, ಬ್ರೇಡನ್ನೇ ನೇರವಾಗಿ ಕಪ್ಪೆಗೆ ಕಟ್ಟಿ, ಒಂದು ಗಂಟು ಕಮ್ಮಿ ಆದಷ್ಟೂ ಹುಲ್ಲು ಹಿಡಿಯೋದು ಕಮ್ಮಿ. ತಿಳಿ ನೀರು, ಕಲ್ಲು ಇರೋ ಕಡೆ 40 ಪೌಂಡಿನ ತಂಗೂಸು ಒಂದೂವರೆ ಅಡಿ ಸೇರಿಸ್ಬೋದು. ಫ್ಲೋರೋಕಾರ್ಬನ್ ದಾರ ಮುಳುಗುತ್ತೆ, ಕಪ್ಪೆ ಮೂತಿನ ಕೆಳಕ್ಕೆ ಎಳೆಯುತ್ತೆ, ಅದು ಇಲ್ಲಿಗಲ್ಲ. ಸ್ನ್ಯಾಪ್, ಸ್ವಿವಲ್ ಅನ್ನೋ ಲೋಹದ ಕೊಂಡಿಗಳನ್ನ ಕೂಡ ಕಪ್ಪೆಗೆ ಹಾಕ್ಬೇಡಿ.

ಗಂಟು ಪಾಲೋಮರ್ ಹಾಕಿ, ಬ್ರೇಡಿಗೆ ಅದರಷ್ಟು ಸುಲಭದ ಗಟ್ಟಿ ಗಂಟು ಇಲ್ಲ. ದಾರದ ತುದಿ ಒಂದು ಗೇಣಷ್ಟು ಮಡಚಿ ಜೋಡಿ ಮಾಡ್ಕೊಂಡು, ಆ ಮಡಿಕೆನ ಕಪ್ಪೆ ಮೂತಿಯ ಉಂಗುರದೊಳಗೆ ತೂರಿಸಿ, ಆ ಜೋಡಿ ದಾರದಲ್ಲೇ ಸಡಿಲವಾಗಿ ಒಂದು ಸಾದಾ ಗಂಟು ಹಾಕಿ, ಆಮೇಲೆ ಮಡಿಕೆ ಕಣ್ಣಿನೊಳಗೆ ಇಡೀ ಕಪ್ಪೆನ ದಾಟಿಸಿ, ಬಾಯಲ್ಲಿ ಒದ್ದೆ ಮಾಡಿ ಎರಡೂ ಎಳೆ ಒಟ್ಟಿಗೆ ನಿಧಾನಕ್ಕೆ ಬಿಗೀರಿ. ಒಣಗಿದ್ದಾಗ ಬಿಗಿದ್ರೆ ಬಿಸಿಯಾಗಿ ಅಲ್ಲೇ ಸವೆಯುತ್ತೆ.

ನಾಲ್ಕನೇದು: ರಾಡು, ರೀಲು

ಆರೂವರೆಯಿಂದ ಏಳು ಅಡಿ, ಮೀಡಿಯಂ ಹೆವಿ (ಇದು ರಾಡಿನ ಗಟ್ಟಿತನ), ಫಾಸ್ಟ್ ಆ್ಯಕ್ಷನ್. ಫಾಸ್ಟ್ ಅಂದ್ರೆ ತುದಿ ಕಾಲು ಭಾಗ ಮಾತ್ರ ಬಗ್ಗಿ ಬುಡ ಗಟ್ಟಿಯಾಗಿ ನಿಲ್ಲೋದು. ತುದಿ ಸ್ವಲ್ಪ ಬಗ್ಗದೇ ಇದ್ರೆ ಹಗುರ ಕಪ್ಪೆ ಎಸೆಯೋಕಾಗಲ್ಲ, ಬುಡಾನೂ ಬಗ್ಗಿದ್ರೆ ಹುಕ್ ಇಳಿಯಲ್ಲ, ಮೀನು ಜೊಂಡಿನ ಬುಡಕ್ಕೆ ನುಗ್ಗಿದಾಗ ತಡೆಯೋಕಾಗಲ್ಲ. ರಾಡ್ ಮೇಲೆ ಲೂರ್ ತೂಕ ಇಷ್ಟರಿಂದ ಇಷ್ಟು ಅಂತ ಬರೆದಿರುತ್ತೆ, 7ರಿಂದ 28 ಗ್ರಾಂ ಹತ್ತಿರ ಇರೋದು ನೋಡಿ. ತೋಟದ ಕೆರೆ, ಮರದ ಕೆಳಗೆ, ಬದುವಿನ ಮೇಲೆ ನಿಂತು ಎಸೆಯೋರಿಗೆ ಆರೂವರೆ ಅಡಿ ಅನುಕೂಲ, ಹಿನ್ನೀರಿಗೆ ಏಳು.

ರೀಲ್ ವಿಷಯದಲ್ಲಿ ಹೊಸಬರಿಗೆ ಸ್ಪಿನ್ನಿಂಗ್ ರೀಲೇ ಸರಿ, 3000 ಸೈಜು. ಎಂಟು ಗ್ರಾಂ ಕಪ್ಪೆ ಅದರಲ್ಲಿ ಆರಾಮಾಗಿ ಹೋಗುತ್ತೆ. ಬೇಟ್‌ಕ್ಯಾಸ್ಟರ್‌ಗೆ, ಅಂದ್ರೆ ಎಸೆದಾಗ ದಾರ ಸುತ್ತಿದ ಸ್ಪೂಲೇ ತಿರುಗೋ ರೀಲ್‌ಗೆ, ಕಳೆಯಿಂದ ಎಳೆಯೋ ಶಕ್ತಿ ಜಾಸ್ತಿ, ಗುರಿ ಚೆನ್ನಾಗಿ ಸಿಗುತ್ತೆ, ಆದ್ರೆ ಹಗುರ ಕಪ್ಪೆ ಎಸೆಯುವಾಗ ಸ್ಪೂಲ್ ಓಡಿ ದಾರ ಗೋಜಲಾಗುತ್ತೆ, ಅದಕ್ಕೆ ಹೆಬ್ಬೆರಳಿನ ಹಿಡಿತ ಬರೋಕೆ ಕಾಲ ಬೇಕು. ತಗೊಂಡ್ರೆ ಗೇರ್ 7:1 ಇಲ್ಲ ಅದಕ್ಕಿಂತ ಜಾಸ್ತಿ ಇರೋದು ತಗೊಳಿ, ಅಂದ್ರೆ ಹ್ಯಾಂಡಲ್ ಒಂದು ಸುತ್ತಿಗೆ ಸ್ಪೂಲ್ ಏಳು ಸುತ್ತು, ಮೀನು ನಿಮ್ಮ ಕಡೆಗೇ ಓಡಿ ಬಂದಾಗ ಸಡಿಲ ದಾರ ಬೇಗ ಸುತ್ತಿಕೊಳ್ಳೋಕೆ ಅದು ಬೇಕು. ಡ್ರ್ಯಾಗ್, ಅಂದ್ರೆ ಮೀನು ಎಳೆದಾಗ ದಾರ ಎಷ್ಟು ಜಾರ್ಬೇಕು ಅಂತ ಹಿಡಿಯೋ ರೀಲಿನ ಬ್ರೇಕು, ಬಿಗಿ ಇರ್ಲಿ, ಕೈಲಿ ಜೋರಾಗಿ ಎಳೆದ್ರೆ ಮಾತ್ರ ಸ್ವಲ್ಪ ಜಾರೋ ಅಷ್ಟು. ಸಡಿಲ ಬಿಟ್ಟು ಮೀನನ್ನ ಆಡಿಸೋದು ಹೊಳೆಯ ಮೀನಿಗೆ ಸರಿ, ಮರಲ್‌ಗೆ ಎರಡು ಮೀಟರ್ ದಾರ ಬಿಟ್ರೆ ಅದು ಬೇರಿಗೆ ಸುತ್ತು ಹಾಕಿಬಿಡುತ್ತೆ.

ಐದನೇದು: ನೀರಿನ ಹತ್ರ

ಹೆಜ್ಜೆ ಮೆತ್ತಗಿಡಿ. ದಡದ ಮಣ್ಣು ಅದುರಿದ್ರೆ ಅಂಚಲ್ಲಿರೋ ಮೀನಿಗೆ ಗೊತ್ತಾಗುತ್ತೆ. ನಿಮ್ಮ ನೆರಳು ನೀರಿಗೆ ಬೀಳದ ಕಡೆ ನಿಂತು, ಎಸೆಯೋಕೆ ಮುಂಚೆ ಐದು ಹತ್ತು ನಿಮಿಷ ಸುಮ್ನೆ ನೋಡಿ. ಮರಲ್ ಗಾಳಿ ತಗೊಂಡಾಗ ಗುಳುಕ್ ಅಂತ ಒಂದು ಸದ್ದು, ಒಂದು ಸಣ್ಣ ಸುಳಿ, ಹಿಂದೇನೇ ಒಂದೆರಡು ಗುಳ್ಳೆ. ಹೆದರಿದ ಮೀನು ಇದನ್ನೇ ಸದ್ದಿಲ್ಲದೆ ಮಾಡುತ್ತೆ, ಎಲೆ ಮಧ್ಯ ನೀರು ಒಂಚೂರು ಉಬ್ಬಿದ್ದು ಮಾತ್ರ ಕಾಣುತ್ತೆ. ಎಲ್ಲಿ ಕಂಡ್ತೋ ಅದರ ನೇರಕ್ಕೆ ದಡದಲ್ಲಿ ಒಂದು ಗುರುತು ಇಟ್ಕೊಳಿ. ಕಾಯೋಕೆ ಸಾಧ್ಯ ಆದ್ರೆ ಮುಂದಿನ ಉಸಿರಿಗೂ ಕಾಯಿರಿ, ಎರಡು ಕಡೆ ಗುರುತು ಸಿಕ್ಕಿದ್ರೆ ಅದು ಯಾವ ದಿಕ್ಕಿಗೆ ಓಡಾಡ್ತಿದೆ ಅಂತ ತಿಳಿಯುತ್ತೆ.

ಎಸೆಯೋದು ಆ ಜಾಗದ ತಲೆ ಮೇಲಲ್ಲ. ಒಂದೆರಡು ಮೀಟರ್ ಆಚೆ, ಸಾಧ್ಯ ಆದ್ರೆ ಎದುರು ದಡದ ಹುಲ್ಲಿನ ಮೇಲೋ ಎಲೆ ಮೇಲೋ ಬೀಳ್ಲಿ, ಅಲ್ಲಿಂದ ಮೆಲ್ಲಗೆ ನೀರಿಗೆ ಜಾರಿಸಿ. ನಿಜವಾದ ಕಪ್ಪೆ ದಡದಿಂದಾನೇ ನೀರಿಗೆ ಬೀಳೋದು. ಬಿದ್ದ ಮೇಲೆ ಅಲೆ ಅಡಗೋವರೆಗೆ ಸುಮ್ನಿರಿ. ಆಮೇಲೆ ರಾಡ್ ತುದಿ ನೀರಿನ ಕಡೆ ಇಳಿಸಿ, ದಾರ ಸ್ವಲ್ಪ ಸಡಿಲ ಬಿಟ್ಟು, ಮಣಿಕಟ್ಟಲ್ಲಿ ಸಣ್ಣ ಸಣ್ಣ ಏಟು ಕೊಡಿ, ಒಂದು ಏಟು, ಸಡಿಲ, ಇನ್ನೊಂದು ಏಟು, ಸಡಿಲ. ಸಡಿಲ ಬಿಟ್ಟಾಗಲೇ ಕಪ್ಪೆ ಪಕ್ಕಕ್ಕೆ ತಿರುಗೋದು, ದಾರ ಬಿಗಿ ಇಟ್ಟು ಎಳೆದ್ರೆ ಅದು ನೇರ ಬಂದುಬಿಡುತ್ತೆ. ಮೂರು ನಾಲ್ಕು ಏಟು ಆದ ಮೇಲೆ ನಿಲ್ಸಿ. ಎಲೆಗಳ ನಡುವೆ ಖಾಲಿ ಜಾಗ ಬಂದಾಗ್ಲೆಲ್ಲ ನಿಲ್ಲಿಸ್ಬೇಕು, ದಟ್ಟ ಹಾಸಿನ ಅಂಚು ಮುಗಿದು ತೆರೆದ ನೀರು ಶುರು ಆಗೋ ಕಡೆ ಇನ್ನೂ ಜಾಸ್ತಿ ಹೊತ್ತು. ನಿಂತಾಗಲೇ ಹೊಡೆತ ಬೀಳೋದು ಹೆಚ್ಚು. ಬಿಸಿ ನೀರಲ್ಲಿ, ಮಳೆ ಬಂದು ನಿಂತ ಮೇಲೆ ಮೀನು ಹುರುಪಲ್ಲಿದ್ದಾಗ ನಿಲ್ಲಿಸದೆ ಒಂದೇ ಸಮ ಬೇಗ ಸುತ್ತಿದ್ರೂ ಅಟ್ಟಿಸ್ಕೊಂಡು ಬಂದು ಹಿಡಿಯುತ್ತೆ. ಚಳಿಗಾಲಕ್ಕೆ ನಿಧಾನ, ತುಂಬಾ ನಿಧಾನ.

ದಡದ ಹತ್ರ ಬಂತು ಅಂತ ಕಪ್ಪೆನ ಸರ್ರನೆ ಎತ್ಬೇಡಿ. ಹಿಂದೆ ನೀರು ಉಬ್ಬಿ ಗೆರೆ ಬರ್ತಾ ಇರುತ್ತೆ ನೋಡಿ, ಮೀನು ಹಿಂಬಾಲಿಸ್ತಿರೋದು. ಆಗ ನಿಲ್ಲಿಸೋಕಿಂತ ಸ್ವಲ್ಪ ಬೇಗ ಓಡಿಸೋದು ನನಗೆ ಸರಿ ಅನ್ಸುತ್ತೆ, ತಪ್ಪಿಸ್ಕೊಂಡು ಓಡೋ ಬೇಟೆ ಅಂದ್ರೆ ಅದು ಬಿಡಲ್ಲ.

ಆರನೇದು: ಹೊಡೆತ ಬಿದ್ದಾಗ

ನೀರು ಸಿಡಿದ ತಕ್ಷಣ ಕೈ ತಾನಾಗೇ ಮೇಲೆ ಹೋಗುತ್ತೆ. ಅದನ್ನ ತಡಿಯೋದೇ ಇಡೀ ಕಲಿಕೆ. ಸಿಡಿದ ನೀರು ನೋಡಿ ಎಳೀಬೇಡಿ, ದಾರದ ಭಾರ ನೋಡಿ ಎಳೀರಿ. ಮರಲ್ ಹೊಡೆದು ಕಪ್ಪೆ ಮಾಯ ಆಯ್ತು ಅಂದ್ರೆ, ರಾಡ್ ತುದಿನ ಮೀನಿನ ಕಡೆಗೆ ಇಳಿಸ್ತಾ ಸಡಿಲ ದಾರ ಬೇಗ ಸುತ್ತಿ, ಆ ಕಡೆಯಿಂದ ಭಾರ ಕೈಗೆ ತಿಳಿದ ಮೇಲೆ ರಾಡನ್ನ ಎರಡೂ ಕೈಲಿ ಜೋರಾಗಿ ಮೇಲಕ್ಕೆ. ಒಂದು ಎರಡು ಅಂತ ಎಣಿಸಿ ಅಂತಾರೆ, ಎಣಿಸೋಕಿಂತ ಈ ಸುತ್ತೋ ಕೆಲಸಾನೇ ಬೇಕಾದಷ್ಟು ಹೊತ್ತು ತಗೊಳುತ್ತೆ. ದಾರ ಸಡಿಲ ಇರುವಾಗ ಝಾಡಿಸಿ ಎಳೆದ್ರೆ ಗಂಟು ಕಿತ್ತು ಬರೋದೂ ಉಂಟು, ಬ್ರೇಡ್ ಹಿಗ್ಗಲ್ಲ ಅಂದ್ನಲ್ಲ.

ಸಿಡಿತು, ಆದ್ರೆ ಕಪ್ಪೆ ಅಲ್ಲೇ ತೇಲ್ತಿದೆ ಅಂದ್ರೆ ಕೈ ಅಲ್ಲಾಡಿಸ್ಬೇಡಿ. ಸ್ವಲ್ಪ ಹೊತ್ತು ಬಿಟ್ಟು ಒಂದು ಸಣ್ಣ ನಡುಕ ಕೊಡಿ, ಎಷ್ಟೋ ಸಲ ಅಲ್ಲೇ ಎರಡನೇ ಸಲ ಹೊಡೆಯುತ್ತೆ. ಬರ್ಲಿಲ್ಲ ಅಂದ್ರೆ ವಾಪಸ್ ತಂದು ಅದೇ ಜಾಗದಾಚೆಗೆ ಇನ್ನೊಮ್ಮೆ. ಅಲ್ಲಿಗೂ ಇಲ್ಲ ಅಂದ್ರೆ ಸೈಜ್ ಇಳಿಸಿ, ಸಣ್ಣ ಕಪ್ಪೆ ಕಟ್ಟಿ ಹತ್ತು ನಿಮಿಷ ಬಿಟ್ಟು ಬನ್ನಿ. ಮತ್ತೆ ಮತ್ತೆ ತಪ್ತಾನೇ ಇದ್ರೆ ಮೂರು ನೋಡಿ: ಮೊನೆ ಉಗುರಿನ ಮೇಲೆ ಜಾರುತ್ತಾ ಇಲ್ಲ ಕಚ್ಚಿ ನಿಲ್ಲುತ್ತಾ, ಜಾರಿದ್ರೆ ಅರ ಹಿಡಿದು ಚೂಪು ಮಾಡಿ, ಕಾಲಿನ ಕುಚ್ಚು ಉದ್ದ ಇದೆಯಾ, ಕಪ್ಪೆಯೊಳಗೆ ನೀರು ತುಂಬಿ ಮೈ ಕುಸೀತಿಲ್ವಾ.

ಹುಕ್ ಹತ್ತಿದ ಮೇಲೆ ಮೊದಲ ಮೂರ್ನಾಲ್ಕು ಸೆಕೆಂಡ್ ನಿಮ್ಮದಾಗ್ಬೇಕು. ರಾಡ್ ಎತ್ತಿ ಹಿಡಿದು ನಿಲ್ಲಿಸದೆ ಸುತ್ತಿ, ಮೀನಿನ ತಲೆ ಮೇಲೆ ಬಂದು ಹುಲ್ಲಿನ ಮೇಲೆ ಜಾರಿದ್ರೆ ಅರ್ಧ ಗೆದ್ದಂಗೆ. ತಲೆ ಕೆಳಗೆ ಹೋಗಿ ಅಂತರಗಂಗೆ ಬೇರಲ್ಲಿ ಸಿಕ್ಕೊಂಡ್ರೆ ಝಾಡಿಸ್ಬೇಡಿ, ದಾರ ಬಿಗಿ ಇಟ್ಟು ಕೋನ ಬದಲಾಯಿಸಿ ಒಂದೇ ಸಮ ಎಳೀರಿ, ಎಷ್ಟೋ ಸಲ ಕಳೆ ಸಮೇತ ಉಂಡೆಯಾಗಿ ಬರುತ್ತೆ. ನೀರಿಗಿಳಿದು ತೆಗೆಯೋಕೆ ಹೋಗ್ಬೇಡಿ, ಕೆರೆ ಹೂಳು ಎದೆಮಟ್ಟ ಹೀರ್ಕೊಳೋ ಜಾಗ ಇರುತ್ತೆ, ತೂಬಿನ ಸುತ್ತ ಅಂತೂ ಇಳೀಲೇಬಾರ್ದು. ಭದ್ರಾ, ಹೇಮಾವತಿ ಹೊಳೆಗಳಲ್ಲಿ ಮೊಸಳೆನೂ ಇದಾವೆ.

ಏಳನೇದು: ಕೈಗೆ ಬಂದ ಮೀನು

ಮರಲ್ ಬಾಯಿಗೆ ಬೆರಳು ಹಾಕ್ಬೇಡಿ, ಬಾಸ್ ಹಿಡಿದಂಗೆ ತುಟಿ ಹಿಡಿದು ಫೋಟೋ ತೆಗೆಸ್ಕೊಳೋ ಮೀನಲ್ಲ ಇದು. ಲಿಪ್ ಗ್ರಿಪ್ (ಮೀನಿನ ದವಡೆ ಹಿಡಿಯೋ ಇಕ್ಕಳ) ಅಥವಾ ಒದ್ದೆ ಬಟ್ಟೇಲಿ ತಲೆ ಹಿಂದೆ ಹಿಡಿದು, ಉದ್ದ ಮೂತಿ ಪ್ಲೈಯರಲ್ಲಿ ಹುಕ್ಕಿನ ಬಾಗು ಹಿಡಿದು ಬಂದ ದಾರೀಲೇ ಹಿಂದಕ್ಕೆ ಒತ್ತಿ ತೆಗೀರಿ. ಕಪ್ಪೆ ಹಿಡಿದು ಎಳೆದ್ರೆ ಮೀನು ಕೊಸರಿದಾಗ ಇನ್ನೊಂದು ಮೊನೆ ನಿಮ್ಮ ಕೈಗೇ ಹೋಗುತ್ತೆ. ಬಿಸಿ ಕಲ್ಲು, ಒಣ ಮಣ್ಣಿನ ಮೇಲೆ ಹಾಕ್ಬೇಡಿ, ಮೈಯ ಲೋಳೆ ಹೋದ್ರೆ ಅದಕ್ಕೆ ರೋಗ ಹತ್ತುತ್ತೆ.

ಮುಂಗಾರಿನ ಸಮಯದಲ್ಲಿ ನೀರ ಮೇಲೆ ಕೆಂಪಗೆ ಅಕ್ಕಿಕಾಳಿನಷ್ಟು ಮರಿಗಳು ಗುಂಪಾಗಿ ಕುದಿಯೋ ತರ ಓಡಾಡ್ತಿರುತ್ತೆ, ಅದರ ಕೆಳಗೇ ಅಪ್ಪ ಅಮ್ಮ ಎರಡೂ ಕಾವಲಿರ್ತವೆ. ಮರಿ ಹತ್ರ ಬಿದ್ದ ಏನನ್ನಾದ್ರೂ ಅವು ಕೋಪಕ್ಕೆ ಹೊಡಿತಾವೆ, ಹಂಗಾಗಿ ಅಲ್ಲಿ ಎಸೆದ್ರೆ ಖಂಡಿತ ಸಿಗುತ್ತೆ ಅಂತ ಕೆಲವ್ರು ಅದನ್ನೇ ಹುಡುಕ್ಕೊಂಡು ಹೋಗ್ತಾರೆ. ದಯವಿಟ್ಟು ಬೇಡ. ಕಾವಲಿನ ಮೀನು ಹೋದ್ರೆ ಆ ಮರಿಗಳನ್ನ ತಿಲಾಪಿಯಾ ಇತ್ಯಾದಿ ತಿಂದು ಮುಗಿಸುತ್ತೆ, ಆ ಕೆರೇಲಿ ಮುಂದಿನ ವರ್ಷಕ್ಕೆ ಏನು ಉಳಿಯುತ್ತೆ. ಮರಿ ಗುಂಪು ಕಂಡ್ರೆ ರಾಡ್ ಎತ್ಕೊಂಡು ಬೇರೆ ಕಡೆ ಹೋಗಿ, ಗೊತ್ತಿಲ್ದೆ ಸಿಕ್ಕಿದ್ರೆ ಅಲ್ಲೇ ತಕ್ಷಣ ಬಿಡಿ. ಸಾರಿಗೆ ಬೇಕಾದ್ರೆ ಬೇರೆ ಸಮಯದಲ್ಲಿ ಒಂದು ಸಾಕು, ಚಿಕ್ಕವನ್ನೂ ತುಂಬಾ ದೊಡ್ಡ ತಾಯಿ ಮೀನನ್ನೂ ವಾಪಸ್ ನೀರಿಗೆ ಬಿಡಿ.

ಮನೆಗೆ ಬಂದ ಮೇಲೆ ಕಪ್ಪೆ ಹಿಂಡಿ ನೀರು ತೆಗೆದು, ಹುಕ್ ಒರೆಸಿ, ನೆರಳಲ್ಲಿ ಪೂರ್ತಿ ಒಣಗಿಸಿ ಆಮೇಲೆ ಡಬ್ಬಿಗೆ ಹಾಕಿ, ಒದ್ದೆ ಡಬ್ಬಿ ಮುಚ್ಚಿದ್ರೆ ಒಂದೇ ವಾರಕ್ಕೆ ಮೊನೆಗೆ ತುಕ್ಕು. ಮೆತ್ತನೆ ಪ್ಲಾಸ್ಟಿಕ್ ಹುಳದ ಲೂರ್‌ಗಳ ಜೊತೆ ಒಂದೇ ಖಾನೇಲಿ ಇಡ್ಬೇಡಿ, ಬಣ್ಣ ಕರಗಿ ಅಂಟ್ಕೊಳುತ್ತೆ. ಬ್ರೇಡಿನ ಕೊನೆಯ ಎರಡಡಿನ ಬೆರಳ ನಡುವೆ ಎಳೆದು ನೋಡಿ, ಎಲ್ಲಾದ್ರೂ ನಾರು ನಾರಾಗಿದ್ರೆ ಅಷ್ಟೂ ಕತ್ತರಿಸಿ, ಮುಂದಿನ ಸಲ ಹೊರಡೋಕೆ ಮುಂಚೆ ಹೊಸ ಗಂಟು ಹಾಕಿ.